ಹತ್ತು ಬೆರಳಿನ ದಫ್ತರ

(ಕೋಲಾರದಲ್ಲಿ ಸಾಹಿತ್ಯಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮಾಲೂರಿನವರೋ ಮುಳಬಾಗಿಲಿನವರೋ ಶ್ರೀನಿವಾಸಪುರದವರೋ ದೂರದ ಊರಿಗೆ ಹೋಗಿ ತಮ್ಮದು ಕೋಲಾರ ಜಿಲ್ಲೆ ಎಂದರೆ, ಎದುರಿಗಿದ್ದವರು ಹಿಂದೆಲ್ಲ ‘ಓಹೋ, ಚಿನ್ನದ ಸೀಮೆಯವರು’ ಎನ್ನುತ್ತಿದ್ದರು. ಈಗ ಮೊದಲು ಬರುವುದು ಸಿನಿಮಾದ ಮಾತು. 2018ರಲ್ಲಿ ಒಂದು ಭಾಗ, 2022ರಲ್ಲಿ ಇನ್ನೊಂದು ಭಾಗವಾಗಿ ಬಂದ ‘ಕೆ.ಜಿ.ಎಫ್’ ಚಿತ್ರವನ್ನು ಕಂಡವರಿಗೆಲ್ಲ ಅದರ ನರಾಚಿ ಗಣಿ ಗೊತ್ತು. ಸುತ್ತ ಕೋಟೆಯಂಥ ಗೋಡೆ, ಬಂದೂಕು ಹಿಡಿದ ಕಾವಲುಗಾರರು, ಧೂಳಿನಲ್ಲಿ ಮುಖವೇ ಕಾಣದ ಜೀತದಾಳುಗಳು, ಅವರ ನಡುವೆ ಬಂದು ಸೇರುವ ಒಬ್ಬ ಧೀರ. ನಿಜವಾದ ಗಣಿಗೂ ಈ ನರಾಚಿಗೂ ಇರುವುದು ಹೆಸರಿನ ನಂಟು ಮಾತ್ರ. ಅದನ್ನು ಇತಿಹಾಸವೆಂದು ನಂಬಿದವರೊಡನೆ ಜಗಳ ಕಾಯುವುದರಿಂದ ಪ್ರಯೋಜನವಿಲ್ಲ. ಆದರೆ ಇಂಥ ಕಥೆ ಯಾವ ಜಾತಿಗೆ ಸೇರಿದ್ದು, ಅದು ಏನನ್ನು ಕಾಣಿಸಿ ಏನನ್ನು ಮುಚ್ಚುತ್ತದೆ ಎಂದು ನೋಡುವುದು ಉಪಯುಕ್ತ.

ಒಳ್ಳೆಯ ರಾಜ್ಯ ಹೇಗಿರಬೇಕೆಂದು ಕಲ್ಪಿಸಿ ಬರೆಯುವುದು ಹಳೆಯ ಚಾಳಿ. ನಮ್ಮಲ್ಲಿ ಅದಕ್ಕೆ ರಾಮರಾಜ್ಯವೆಂಬ ಹೆಸರಿದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಚಾಳಿ ತಿರುಗುಮುರುಗಾಯಿತು. ಎಲ್ಲರನ್ನೂ ಸುಖವಾಗಿಡುತ್ತೇನೆಂದು ಹೊರಟ ಪ್ರಭುತ್ವ ಎಲ್ಲರ ಮೇಲೂ ಕಣ್ಣಿಟ್ಟರೆ, ಮಲಗುವ ಕೋಣೆಗೂ ಮನಸ್ಸಿನೊಳಕ್ಕೂ ಕೈಹಾಕಿದರೆ ಏನಾದೀತು ಎಂದು ಕೆಲವರು ಬರೆದರು. ಇಂಗ್ಲಿಷಿನವರು ಇದನ್ನು ಡಿಸ್ಟೋಪಿಯ ಎಂದು ಕರೆದರು. ದುಃಸ್ವಪ್ನದ ರಾಜ್ಯ ಎಂದರೆ ಕನ್ನಡದಲ್ಲಿ ಅರ್ಥವಾಗುತ್ತದೆ.

ಈ ಸಾಲಿನ ಕಾದಂಬರಿಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು ಜಾರ್ಜ್ ಆರ್ವೆಲ್ಲನ ‘1984’. ಅದು ಪ್ರಕಟವಾದದ್ದು 1949ರಲ್ಲಿ. ಓದದವರಿಗೂ ಅದರ ‘ಬಿಗ್ ಬ್ರದರ್’, ಅಂದರೆ ಎಲ್ಲವನ್ನೂ ನೋಡುತ್ತಿರುವ ದೊಡ್ಡಣ್ಣ, ಗೊತ್ತು. ಮನೆಮನೆಯ ಗೋಡೆಯಲ್ಲೂ ಒಂದು ತೆರೆ. ಅದು ತೋರಿಸುತ್ತದೆ, ಜೊತೆಗೆ ನೋಡುತ್ತದೆ. ವಿನ್‌ಸ್ಟನ್ ಎಂಬ ಬಡಪಾಯಿ ಗುಮಾಸ್ತ ಆ ತೆರೆಯ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂತು ಒಂದು ದಿನಚರಿ ಬರೆಯತೊಡಗುತ್ತಾನೆ. ಅಲ್ಲಿಗೆ ಅವನ ಕಥೆ ಮುಗಿದ ಹಾಗೆಯೇ. ಆಲ್ಡಸ್ ಹಕ್ಸ್‌ಲಿಯ 1932ರ ‘ಬ್ರೇವ್ ನ್ಯೂ ವರ್ಲ್ಡ್’ನ ದಾರಿ ಬೇರೆ. ಅಲ್ಲಿ ಜನಕ್ಕೆ ಗುಳಿಗೆ ಕೊಟ್ಟು ಖುಷಿಯಾಗಿಡುವುದರಿಂದ ಕಾವಲಿನ ಖರ್ಚು ಅಷ್ಟಿಲ್ಲ.

ಇವೆರಡಕ್ಕೂ ಹಿರಿಯಣ್ಣನಂಥ ಪುಸ್ತಕ ರಷ್ಯದ ಯೆವ್ಗೆನಿ ಜಮ್ಯಾತಿನ್‌ನ ‘ನಾವು’. ಅದನ್ನು ಬರೆದದ್ದು 1920-21ರ ಸುಮಾರಿಗೆ. ಅವನ ನಾಡಿನಲ್ಲಿ ಅದು ಅಚ್ಚಾಗಲಿಲ್ಲ. ಮೊದಲು ಬೆಳಕು ಕಂಡದ್ದು 1924ರಲ್ಲಿ, ಇಂಗ್ಲಿಷಿನಲ್ಲಿ. ಸ್ವಂತ ದೇಶದಲ್ಲಿ ಪ್ರಕಟವಾಗಲು 1988ರವರೆಗೆ ಕಾಯಬೇಕಾಯಿತು. ಆ ರಾಜ್ಯದಲ್ಲಿ ಮನೆಗಳೆಲ್ಲ ಗಾಜಿನವು. ಮನುಷ್ಯರಿಗೆ ಹೆಸರಿಲ್ಲ, ನಂಬರು ಮಾತ್ರ. ಕಥಾನಾಯಕ ಡಿ-503, ಅವನನ್ನು ಕೆಡಿಸುವ ಹೆಣ್ಣು ಐ-330. ಜಮ್ಯಾತಿನ್ ಕಸುಬಿನಲ್ಲಿ ಹಡಗಿನ ಎಂಜಿನಿಯರು. ರಷ್ಯಕ್ಕಾಗಿ ಮಂಜು ಒಡೆಯುವ ಹಡಗುಗಳನ್ನು ಕಟ್ಟಿಸಲು 1916-17ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಸೀಮೆಯಲ್ಲಿದ್ದವನು. ಕಾರ್ಖಾನೆಯ ಗೇಟಿನಲ್ಲಿ ಸಾಲುಗಟ್ಟಿ ಒಳಹೋಗುವ ಆಳುಗಳನ್ನು ದಿನವೂ ಕಂಡವನು. ಅವನ ಕಾದಂಬರಿಯ ಜನ ದೇವರಂತೆ ಪೂಜಿಸುವುದು ಟೇಲರ್ ಎಂಬುವನನ್ನು. ಕೋಲಾರದವರಿಗೆ ಗೊತ್ತಿರುವ ಗಣಿಯ ಜಾನ್ ಟೇಲರ್ ಅಲ್ಲ; ಕೆಲಸಗಾರನ ಕೈಕಾಲಿನ ಒಂದೊಂದು ಚಲನೆಗೂ ಗಡಿಯಾರ ಹಿಡಿದು ಲೆಕ್ಕ ಹಾಕಿದ ಅಮೆರಿಕದ ಫ್ರೆಡರಿಕ್ ಟೇಲರ್. ಹೆಸರಿನ ಹೊಂದಾಣಿಕೆ ಆಕಸ್ಮಿಕ. ಆದರೂ ಕೋಲಾರದಲ್ಲಿ ಕೂತು ಆ ಪುಸ್ತಕ ಓದುವವರು ಆ ಪುಟದಲ್ಲಿ ಒಂದು ಗಳಿಗೆ ನಿಂತೇ ಮುಂದೆ ಹೋಗಬೇಕಾಗುತ್ತದೆ.

ಆರ್ವೆಲ್ ಈ ‘ನಾವು’ ಪುಸ್ತಕವನ್ನು 1946ರಲ್ಲಿ ವಿಮರ್ಶಿಸಿದ್ದ. ಆದರೆ ತನ್ನ ಕಾದಂಬರಿಯಲ್ಲಿ ಒಂದು ದೊಡ್ಡ ಬದಲಾವಣೆ ಮಾಡಿಕೊಂಡ. ‘1984’ರಲ್ಲಿ ಗೋಡೆಯ ತೆರೆ ಇರುವುದು ಮುಖ್ಯವಾಗಿ ಪಕ್ಷದ ಸದಸ್ಯರ ಮನೆಗಳಲ್ಲಿ. ನೂರಕ್ಕೆ ಎಂಬತ್ತೈದರಷ್ಟಿರುವ ದುಡಿಯುವ ಜನರ ಮನೆಗಳಲ್ಲಿ ಬಹುಮಟ್ಟಿಗೆ ಅದಿಲ್ಲ. ಅವರು ಕುಡಿಯಲಿ, ಲಾಟರಿ ಆಡಲಿ, ಹಾಡಿಕೊಳ್ಳಲಿ. ಯೋಚನೆ ಮಾಡುವವರಲ್ಲವಾದ್ದರಿಂದ ಅಪಾಯವಿಲ್ಲ ಎಂದು ಪಕ್ಷ ಸುಮ್ಮನಿರುತ್ತದೆ. ಕಾದಂಬರಿಯಲ್ಲಿ ಇದು ಪಕ್ಷದ ಸೊಕ್ಕು, ಆರ್ವೆಲ್ಲನ ಅಭಿಪ್ರಾಯವಲ್ಲ. ಆದರೂ ಓದುಗನ ಮನಸ್ಸಿನಲ್ಲಿ ಉಳಿಯುವ ಚಿತ್ರ ಅದೇ: ಕಾವಲಿರುವುದು ಓದುಬರಹ ಬಲ್ಲವನ ಮೇಲೆ, ಕೂಲಿಯವನು ಹೇಗೋ ಬಿಡುಗಡೆಯಾಗಿದ್ದಾನೆ.

ಕೋಲಾರದ ಅನುಭವ ಇದಕ್ಕೆ ನೇರ ವಿರುದ್ಧ. ಇಲ್ಲಿ ಕಣ್ಣಿಟ್ಟದ್ದೇ ಕೂಲಿಯವನ ಮೇಲೆ.

ಚಿನ್ನ ಇದ್ದಲ್ಲಿ ಅನುಮಾನವೂ ಇರುತ್ತದೆ ಎಂಬುದು ಹೊಸ ಮಾತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಮೈಸೂರಿನ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಗೂಢಪುರುಷರ ವಿಷಯ ಎಲ್ಲರೂ ಹೇಳುತ್ತಾರೆ. ಸನ್ಯಾಸಿ, ವ್ಯಾಪಾರಿ, ವಿಧವೆ, ಹೀಗೆ ನಾನಾ ವೇಷದಲ್ಲಿ ಊರೂರು ಸುತ್ತುವ ಬೇಹಿನವರ ವಿವರ ಅಲ್ಲಿದೆ. ಅಷ್ಟಾಗಿ ಯಾರೂ ಹೇಳದ ಇನ್ನೊಂದು ಸಂಗತಿಯೂ ಅಲ್ಲೇ ಇದೆ. ಸರ್ಕಾರಿ ಅಕ್ಕಸಾಲೆಯಲ್ಲಿ ಕೆಲಸ ಮಾಡುವವರು, ಕುಲುಮೆ ಊದುವವನಿಂದ ಧೂಳು ತೊಳೆಯುವವನವರೆಗೆ, ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಬಟ್ಟೆ, ಕೈ ಮತ್ತು ಗುಪ್ತಾಂಗಗಳ ತಪಾಸಣೆಗೆ ಒಳಗಾಗಬೇಕು. ಗಣಿಯಲ್ಲಿ ಕದ್ದವನು ಕದ್ದದ್ದರ ಎಂಟು ಪಾಲು ತೆರಬೇಕು. ದೊಡ್ಡಣ್ಣನ ತೆರೆಗೆ ಎಷ್ಟೋ ಶತಮಾನ ಮೊದಲು ಅಕ್ಕಸಾಲೆಯ ಬಾಗಿಲಿನ ಈ ತಪಾಸಣೆ ಇತ್ತು.

ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ 1880ರಲ್ಲಿ ಇಲ್ಲಿನ ಗಣಿಗಳ ಆಡಳಿತ ಹಿಡಿಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ದೊಡ್ಡ ಗಣಿಗಳಿಗೆ ಬೇರೆಬೇರೆ ಕಂಪನಿಗಳಿದ್ದರೂ ನಡೆಸುವ ಕೈ ಒಂದೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು ಆಮೇಲೆ. ಚಿನ್ನದ ಮೇಲಿನ ರಾಜಧನ ಮೈಸೂರು ಸರ್ಕಾರಕ್ಕೆ ದೊಡ್ಡ ಆದಾಯ. ಆದ್ದರಿಂದ ಕಂಪನಿಯ ಚಿನ್ನ ಕಳುವಾದರೆ ಅರಮನೆಗೂ ನಷ್ಟ. ಕಂಪನಿ ಮತ್ತು ಪ್ರಭುತ್ವ ಒಂದೇ ಕಣ್ಣಿನಿಂದ ನೋಡತೊಡಗಿದ್ದು ಹೀಗೆ.

ಗಣಿಯ ಆಳುಗಳಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ, ಊರಿನಲ್ಲಿ ತುಂಡು ಭೂಮಿಯೂ ಇಲ್ಲದ ದಲಿತರು. ಅವರು ಇದ್ದದ್ದು ಕಂಪನಿಯ ಲೈನುಗಳಲ್ಲಿ, ಬಿದಿರು ತಟ್ಟಿಯ ಒಂದೇ ಕೋಣೆಯ ಗುಡಿಸಲುಗಳಲ್ಲಿ. ಭೂಮಿಯ ಮೇಲೆ ಸಾಹೇಬರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗೆ ಆಮೇಲಾಮೇಲೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಸುರಂಗ. ಮೇಲಿನದನ್ನು ಪುಟ್ಟ ಇಂಗ್ಲೆಂಡ್ ಎಂದು ಹೊಗಳುವ ವಾಡಿಕೆ ಈಗಲೂ ಇದೆ. ಆ ಹೊಗಳಿಕೆ ಯಾವ ಕಡೆಯಿಂದ ನಿಂತು ನೋಡಿದ್ದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾವಲಿನ ಏರ್ಪಾಟು ಕ್ರಮಕ್ರಮವಾಗಿ ಬೆಳೆಯಿತು. ಕಂಪನಿಯದೇ ವಾಚ್ ಅಂಡ್ ವಾರ್ಡ್, ಸರ್ಕಾರದ ಪೊಲೀಸು, ಗಣಿ ಪ್ರದೇಶಕ್ಕೆಂದೇ ಒಬ್ಬ ಮ್ಯಾಜಿಸ್ಟ್ರೇಟ್. ಕಳವಿನಲ್ಲಿ ಎರಡು ಬಗೆ. ಸುರಂಗದೊಳಗೆ ಚಿನ್ನ ಕಣ್ಣಿಗೆ ಕಾಣುವಂಥ ಕಲ್ಲು ಸಿಕ್ಕರೆ ಅದನ್ನು ಅಡಗಿಸಿ ತರುವುದು ಒಂದು. ಮೇಲೆ ಗಿರಣಿಯಲ್ಲಿ ಪಾದರಸ ಹಿಡಿದ ಚಿನ್ನವನ್ನು ಗೀರಿಕೊಳ್ಳುವುದು ಇನ್ನೊಂದು. ಕದ್ದದ್ದು ಸುತ್ತಮುತ್ತ ಕೊಳ್ಳುವವರ ಕೈಸೇರುತ್ತಿತ್ತು. ಕಳವು ಇದ್ದದ್ದು ನಿಜ, ಅದನ್ನು ಕಥೆಯೆಂದು ತಳ್ಳಿಹಾಕಲಾಗದು. ಆದರೆ ಅದಕ್ಕೆಂದು ಮಾಡಿದ ಕಟ್ಟಳೆಗಳು ನ್ಯಾಯದ ಸಾಮಾನ್ಯ ಕ್ರಮವನ್ನು ತಲೆಕೆಳಗು ಮಾಡಿದವು. ಸಾಮಾನ್ಯವಾಗಿ ಅಪರಾಧವನ್ನು ಸಾಬೀತು ಮಾಡಬೇಕಾದವರು ಪೊಲೀಸರು. ಇಲ್ಲಿ ಗಣಿಯ ಕಲ್ಲೋ ಕಚ್ಚಾ ಚಿನ್ನವೋ ಹತ್ತಿರ ಸಿಕ್ಕರೆ, ಅದು ಎಲ್ಲಿಂದ ಬಂತೆಂದು ತೋರಿಸಿಕೊಡುವ ಹೊಣೆ ಸಿಕ್ಕಿಬಿದ್ದವನದು.

ಇಷ್ಟಾದರೂ ಕಂಪನಿಗೆ ಒಂದು ತೊಡಕು ಉಳಿದಿತ್ತು. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನು ಇನ್ನೊಂದು ಗಣಿಯ ಗೇಟಿನಲ್ಲಿ ಬೇರೆ ಹೆಸರು ಹೇಳಿ ಒಳಗೆ ಬರಬಹುದಾಗಿತ್ತು. ಮುನಿಸ್ವಾಮಿ ಚಾಂಪಿಯನ್ ರೀಫಿನಲ್ಲಿ ಬೇಡವಾದರೆ ಊರಿಗಾಮಿನಲ್ಲಿ ಅವನೇ ಚಿನ್ನಪ್ಪ. ಲೈನಿನಲ್ಲಿ ಅವನು ಯಾರೆಂದು ಎಲ್ಲರಿಗೂ ಗೊತ್ತು, ದಫ್ತರಕ್ಕೆ ಮಾತ್ರ ಗೊತ್ತಿಲ್ಲ. ಬಡವನಿಗೆ ಇದ್ದ ಒಂದು ಸಣ್ಣ ಸಂದು ಇದು. ಅದನ್ನು ಮುಚ್ಚಲು ಸಿಕ್ಕ ಉಪಾಯ ಬೆರಳಚ್ಚು.

ಬೆರಳಚ್ಚಿನ ಕಥೆಗೆ ಭಾರತದ ನೆಲದಲ್ಲೇ ಬೇರಿದೆ. ಬಂಗಾಳದ ಹೂಗ್ಲಿ ಕಡೆ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ 1858ರಲ್ಲಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಒಪ್ಪಂದದ ಕಾಗದದ ಮೇಲೆ ಅಂಗೈಯ ಗುರುತು ಒತ್ತಿಸಿಕೊಂಡ. ಸಹಿ ತನ್ನದಲ್ಲವೆಂದು ಅವನು ಆಮೇಲೆ ಹೇಳದಿರಲಿ ಎಂಬುದಷ್ಟೇ ಅದರ ಉದ್ದೇಶ. ಮುಂದೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಸಾವಿರಾರು ಅಚ್ಚುಗಳ ನಡುವೆ ಬೇಕಾದ ಒಂದನ್ನು ಹುಡುಕಿ ತೆಗೆಯುವ ವರ್ಗೀಕರಣದ ಲೆಕ್ಕವನ್ನು ಕೂಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ನೌಕರರು. ಹೆಸರು ಬಂದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್ ಅದನ್ನು ಅಳವಡಿಸಿಕೊಂಡದ್ದು 1901ರಲ್ಲಿ. ವಸಾಹತಿನಲ್ಲಿ ಪರೀಕ್ಷೆ ಮಾಡಿದ ಯಂತ್ರವನ್ನು ಆಮೇಲೆ ಯಜಮಾನರ ಊರಿಗೆ ಒಯ್ದ ಹಾಗಾಯಿತು. ಆರ್ವೆಲ್ ಹುಟ್ಟಿದ್ದೂ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. 1922ರಿಂದ 1927ರವರೆಗೆ ಅವನು ಬರ್ಮಾದಲ್ಲಿ ಇಂಪೀರಿಯಲ್ ಪೊಲೀಸ್ ಅಧಿಕಾರಿಯಾಗಿದ್ದ. ಕಾವಲಿನ ಕಾದಂಬರಿ ಬರೆಯುವ ಮೊದಲು ಕಾವಲಿನ ಕೆಲಸವನ್ನೇ ಮಾಡಿದವನು.

ಹೆಬ್ಬೆಟ್ಟಿಗೂ ಹತ್ತು ಬೆರಳಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಬಿಡಿಸಿಕೊಳ್ಳಬೇಕು. ಹೆಬ್ಬೆಟ್ಟು ಒತ್ತುವುದು ಹಳ್ಳಿಯವರಿಗೆ ಹೊಸದಲ್ಲ. ಸಾಹುಕಾರನ ಪತ್ರಕ್ಕೆ, ಶ್ಯಾನುಭೋಗರ ಕಾಗದಕ್ಕೆ, ಅಡಮಾನಕ್ಕೆ ಒತ್ತುತ್ತಲೇ ಬಂದಿದ್ದಾರೆ. ಅದರಲ್ಲಿ ಮೋಸ ಇರಬಹುದು. ಓದಲು ಬಾರದ ಕಾಗದಕ್ಕೆ ಒತ್ತಿ ಹೊಲ ಕಳೆದುಕೊಂಡವರು ಜಿಲ್ಲೆಯ ಯಾವ ಹೋಬಳಿಗೆ ಹೋದರೂ ಸಿಗುತ್ತಾರೆ. ಆದರೂ ಅದು ‘ಈ ಮಾತಿಗೆ ಒಪ್ಪಿದ್ದೇನೆ’ ಎಂದು ಹೇಳುವ ಗುರುತು. ಹತ್ತೂ ಬೆರಳಿಗೆ ಮಸಿ ಹಚ್ಚಿ, ಒಂದೊಂದನ್ನೂ ಹೊರಳಿಸಿ ಒತ್ತಿಸಿಕೊಳ್ಳುವುದು ಬೇರೆ ಸಂಗತಿ. ಅದು ಯಾವ ಮಾತಿಗೂ ಒಪ್ಪಿಗೆಯಲ್ಲ. ‘ಮುಂದೆ ಯಾವತ್ತಾದರೂ ನೀನು ತಪ್ಪು ಮಾಡುತ್ತೀಯೆ, ಆಗ ಹುಡುಕಲು ಬೇಕಾಗುತ್ತದೆ’ ಎಂಬುದೇ ಅದರ ಅರ್ಥ. ನಮ್ಮ ಜನಕ್ಕೆ ಬೆರಳಿನ ಸಂಗತಿಯಲ್ಲಿ ಏಕಲವ್ಯನ ನೆನಪೂ ಇದೆ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕ ಬಂದದ್ದು 1947ರಲ್ಲಿ. ಬೆರಳು ಕೊಟ್ಟವನು ಏನನ್ನು ಕೊಟ್ಟ ಎಂದು ಯಾರಿಗೂ ವಿವರಿಸಬೇಕಾಗಿಲ್ಲ.

ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದವರು ಗಾಂಧೀಜಿ. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಸರ್ಕಾರ 1906ರಲ್ಲಿ ಏಷ್ಯದವರೆಲ್ಲ ಹತ್ತು ಬೆರಳಿನ ಅಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ತಂದಿತು. ಹತ್ತು ಬೆರಳನ್ನು ಕಾನೂನಿನಿಂದ ಒತ್ತಾಯಿಸಿ ಪಡೆಯುವುದು ಅಪರಾಧಿಗಳಿಂದ ಮಾತ್ರ ಎಂದು ಪೊಲೀಸ್ ಅಧಿಕಾರಿಯೊಬ್ಬರ ಪುಸ್ತಕ ಓದಿ ಅವರು ತಿಳಿದುಕೊಂಡರು. ಆ ವರ್ಷದ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಸಭೆ ಕಾನೂನಿಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ, ಬೆರಳಿನ ಮಸಿಯಿಂದ. 1908ರ ಆರಂಭದಲ್ಲಿ ಒಂದು ರಾಜಿಯಾಯಿತು: ಒತ್ತಾಯ ಹೋಗುವುದಾದರೆ ಸ್ವಇಚ್ಛೆಯಿಂದ ಅಚ್ಚು ಕೊಡೋಣ ಎಂದು ಗಾಂಧೀಜಿ ತಾವೇ ಕಚೇರಿಗೆ ಹೊರಟರು. ದಾರಿಯಲ್ಲಿ ಮೀರ್ ಆಲಂ ಎಂಬ ಪಠಾಣ ಅವರನ್ನು ಹೊಡೆದು ಕೆಡವಿದ. ಬೇಡವೆಂದು ಹೇಳಿಕೊಟ್ಟವರೇ ಈಗ ಕೊಡುತ್ತಾರೆಂಬುದು ಅವನ ಸಿಟ್ಟು. ಸ್ವಇಚ್ಛೆ, ಒತ್ತಾಯ ಎಂಬ ಸೂಕ್ಷ್ಮ ಅವನಿಗೆ ಹಿಡಿಸಲಿಲ್ಲ. ಸರ್ಕಾರ ಮಾತು ತಪ್ಪಿತೆಂದು ಅದೇ ವರ್ಷ ಆಗಸ್ಟಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಸುಟ್ಟರು. ಆಗ ಮೀರ್ ಆಲಂ ಮತ್ತೆ ಗಾಂಧೀಜಿಯ ಕೈ ಹಿಡಿದ.

ಮೈಸೂರು ಸಂಸ್ಥಾನದ ಸರದಿ ಬಂದದ್ದು 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ವರ್ಷ. ಗಣಿಯ ಆಳುಗಳೆಲ್ಲ ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕೆಂಬ ನಿಯಮ ಜಾರಿಗೆ ಬರುವುದಿತ್ತು. ಆಳುಗಳು ಕೊಡುವುದಿಲ್ಲವೆಂದರು. ಒಬ್ಬಿಬ್ಬರಲ್ಲ, ಸಾವಿರಾರು ಜನ ಸುರಂಗಕ್ಕೆ ಇಳಿಯದೆ ನಿಂತರು. ಸುಮಾರು ಮೂರು ವಾರ ಮುಷ್ಕರ ನಡೆಯಿತು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಆಗ ಅವರಿಗೆ ಮಾನ್ಯತೆ ಪಡೆದ ಸಂಘವಿರಲಿಲ್ಲ. ಮೈಸೂರಿನಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಬಲ ಬಂದದ್ದು 1940ರ ದಶಕದಲ್ಲಿ. ಕೂಡಿಟ್ಟ ಹಣವಿರಲಿಲ್ಲ. ಇರುವ ಗುಡಿಸಲು ಕಂಪನಿಯದು. ದಿನದ ಕೂಲಿ ತಪ್ಪಿದರೆ ಅಂಗಡಿಯವನ ಸಾಲ ಏರುತ್ತದೆ. ಇಂಥವರು ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ ಅವರು ಕೂಲಿ ಬಿಟ್ಟು ನಿಂತದ್ದು ಒಂದು ಕಾಗದದ ವಿರುದ್ಧ, ಬೆರಳಿಗೆ ಹಚ್ಚುವ ಮಸಿಯ ವಿರುದ್ಧ. ಸುರಂಗದಲ್ಲಿ ಬಂಡೆ ಸಿಡಿದು ಸಾಯುವ ಅಪಾಯವನ್ನು ದಿನವೂ ನುಂಗಿಕೊಂಡವರು ಇದನ್ನು ನುಂಗಲಿಲ್ಲ.

ಏಕೆ? ದಕ್ಷಿಣ ಆಫ್ರಿಕದ ಸುದ್ದಿ ಇವರಿಗೆ ಮುಟ್ಟಿರಬಹುದೇ ಎಂದು ಕೇಳಬಹುದು. ಉತ್ತರ ಆರ್ಕಾಟಿನಿಂದ ಗಿರ್ಮಿಟ್ ಕೂಲಿಗಳಾಗಿ ನೇಟಾಲಿಗೆ ಹೋದವರಿದ್ದರು. ಅದೇ ಜಿಲ್ಲೆಯಿಂದ ಕೋಲಾರಕ್ಕೂ ಬಂದರು. ಆದರೆ ಬೆರಳಚ್ಚು ಎಂದರೆ ಪೊಲೀಸ್ ಠಾಣೆ ಎಂದು ತಿಳಿಯಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಮದ್ರಾಸು ಪ್ರಾಂತ್ಯದಲ್ಲಿ ಕ್ರಿಮಿನಲ್ ಬುಡಕಟ್ಟುಗಳ ಕಾಯಿದೆ ಎಂಬುದೊಂದಿತ್ತು. ಹುಟ್ಟಿದ ಜಾತಿಯ ಕಾರಣಕ್ಕೇ ಕಳ್ಳರೆಂದು ಹೆಸರಿಟ್ಟು, ಇಡೀ ಊರಿನವರಿಂದ ಬೆರಳಚ್ಚು ಪಡೆದು, ಠಾಣೆಗೆ ಹಾಜರಿ ಹಾಕಿಸುತ್ತಿದ್ದ ಕಾಯಿದೆ. ತಮಿಳು ಸೀಮೆಯಿಂದ ಬಂದ ಬಡವನಿಗೆ ಹತ್ತು ಬೆರಳಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಂದು ಲೆಕ್ಕವೂ ಅವರಿಗೆ ಸ್ಪಷ್ಟವಾಗಿಯೇ ಇದ್ದಿರಬೇಕು: ಅಚ್ಚು ಒಮ್ಮೆ ದಫ್ತರಕ್ಕೆ ಸೇರಿತೆಂದರೆ ಒಂದು ಗಣಿಯ ಸಾಹೇಬನ ಸಿಟ್ಟು ನಾಲ್ಕೂ ಗಣಿಯ ಸಿಟ್ಟಾಗುತ್ತದೆ. ಮುನಿಸ್ವಾಮಿ ಮತ್ತೆ ಎಂದೂ ಚಿನ್ನಪ್ಪನಾಗಲಾರ.

ವಿನ್‌ಸ್ಟನ್ನಿನ ದಿನಚರಿಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ದುಃಸ್ವಪ್ನದ ಕಾದಂಬರಿಗಳಲ್ಲಿ ಎದುರು ನಿಲ್ಲುವವನು ಯಾವಾಗಲೂ ಒಬ್ಬನೇ. ಹೆಚ್ಚೆಂದರೆ ಜೊತೆಗೊಬ್ಬ ಗೆಳತಿ. ಅವನು ಬರೆಯುತ್ತಾನೆ, ಪ್ರೀತಿಸುತ್ತಾನೆ, ಸಿಕ್ಕಿಬೀಳುತ್ತಾನೆ, ಮುರಿಯುತ್ತಾನೆ. ಡಿ-503ನ ಗತಿಯೂ ಅದೇ. ನಮ್ಮ ಸಿನಿಮಾದಲ್ಲಿ ಅವನು ಮುರಿಯದೆ ಗೆಲ್ಲುತ್ತಾನೆ, ಆದರೆ ಅಲ್ಲೂ ಒಬ್ಬನೇ. ಬರೆಯುವವನು ಒಂಟಿಯಾಗಿ ಕೂತು ಬರೆಯುವವನಾದ್ದರಿಂದ ಅವನ ಕಲ್ಪನೆಯ ಬಂಡಾಯವೂ ಒಂಟಿಯಾಗುತ್ತದೋ ಏನೋ. ಅಕ್ಷರ ಬಾರದ ಸಾವಿರಾರು ಜನ, ಯಾವ ನಾಯಕನ ಹೆಸರೂ ಮನೆಮಾತಾಗದಂತೆ, ಬೆರಳನ್ನು ಮುಚ್ಚಿ ಹಿಡಿದು ಮೂರು ವಾರ ಕೂತದ್ದನ್ನು ಕಾದಂಬರಿಯಾಗಿಸುವುದು ಕಷ್ಟ. ಆದರೆ ನಡೆದದ್ದು ಅದು.

ಮೈಸೂರಿನ ವಿದ್ಯಾವಂತರಿಗೆ ಪ್ರಭುತ್ವದ ಕೈ ತಟ್ಟಿರಲಿಲ್ಲವೆಂದಲ್ಲ. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಬಂದ ವೃತ್ತಪತ್ರಿಕೆಗಳ ಕಾನೂನು ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆಯನ್ನೇ ನಡೆಸಕೂಡದೆಂದಿತು. ಮೈಸೂರಿನ ತಾತಯ್ಯನವರು, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿ ಬೆಂಗಳೂರಿಗೆ ಹೋಗಿ ಪತ್ರಕರ್ತರಾಗಿದ್ದ ಡಿ.ವಿ. ಗುಂಡಪ್ಪನವರು 1913ರಲ್ಲಿ ‘ದಿ ಕರ್ನಾಟಕ’ ಆರಂಭಿಸಿದ್ದು ಆ ಕಾನೂನಿನ ನೆರಳಿನಲ್ಲೇ. ಪ್ರಜಾಪ್ರತಿನಿಧಿ ಸಭೆಯನ್ನು 1881ರಲ್ಲೇ ಸ್ಥಾಪಿಸಿ ಮಾದರಿ ಸಂಸ್ಥಾನವೆನಿಸಿಕೊಂಡ ರಾಜ್ಯದ ಇನ್ನೊಂದು ಮುಖ ಇದು. ಪತ್ರಿಕೋದ್ಯಮದ ಚರಿತ್ರೆ ಬರೆದವರು ಯಾರೂ 1908ನ್ನು ಮರೆತಿಲ್ಲ, ಮರೆಯಬಾರದು ಕೂಡ. ಡಿವಿಜಿಯವರ ಹುಟ್ಟೂರಿನಿಂದ ಅಷ್ಟೇನೂ ದೂರವಿಲ್ಲದ ಗಣಿಯ 1930ಕ್ಕೆ ಆ ಭಾಗ್ಯ ಸಿಕ್ಕಿಲ್ಲ. ಬರೆಯುವವರು ತಮ್ಮ ಲೇಖನಿಗೆ ಬಿದ್ದ ಬೇಡಿಯನ್ನು ಬೇಗ ಗುರುತಿಸುತ್ತಾರೆ. ಗಣಿಯ ಜನರ ಭಾಷೆ ತಮಿಳು, ದಫ್ತರದ್ದು ಇಂಗ್ಲಿಷು, ರಾಜ್ಯದ್ದು ಕನ್ನಡ. ಮೂರರ ನಡುವಿನ ಕಂದಕದಲ್ಲಿ ಆ ಕಥೆ ಬಿದ್ದುಹೋಯಿತು. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಿಂದ ಅದು ಮತ್ತೆ ಮೇಲೆ ಬಂದಿದೆ.

ಕನ್ನಡ ಸಾಹಿತ್ಯದಲ್ಲಿ ಕಾವಲಿನ ಲೋಕವೇ ಇಲ್ಲವೇ ಎಂದರೆ, ಇದೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ಒಳ್ಳೆಯ ಉದ್ದೇಶದಿಂದಲೇ ಹೊರಟ ಪ್ರಭು ಅನುಮಾನದ ಬಾವಿಗೆ ಬೀಳುವ ಕಥೆ. ಆದರೆ ಈ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಯಶವಂತ ಚಿತ್ತಾಲರ ‘ಶಿಕಾರಿ’, 1979ರದು. ಅದರ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಆಪಾದನೆ ಏನೆಂದು ಸರಿಯಾಗಿ ತಿಳಿಯದು. ಯಾರೋ ಅವನ ಹಿಂದಿನದನ್ನೆಲ್ಲ ಕೆದಕುತ್ತಿದ್ದಾರೆ, ಊರಿನವರೆಗೂ ಹೋಗಿ ವಿಚಾರಿಸುತ್ತಿದ್ದಾರೆ ಎಂಬ ಭಯ ಅವನನ್ನು ತಿನ್ನುತ್ತದೆ. ಇಲ್ಲಿ ಬೇಟೆಯಾಡುವುದು ಸರ್ಕಾರವಲ್ಲ, ಕಂಪನಿ. ಯುರೋಪಿನ ಕಾದಂಬರಿಕಾರರು ಪ್ರಭುತ್ವವನ್ನು ಕಂಡು ಹೆದರಿದರು. ಚಿತ್ತಾಲರು ಆಫೀಸಿನ ಫೈಲನ್ನು ಕಂಡು ಹೆದರಿದರು. ಕೋಲಾರವನ್ನು ಬಲ್ಲವರಿಗೆ ಚಿತ್ತಾಲರ ಹೆದರಿಕೆಯೇ ಹೆಚ್ಚು ಪರಿಚಿತ. ನಾಗಪ್ಪನೂ ಒಂಟಿಯೇ ಎಂಬುದು ಬೇರೆ ಮಾತು.

ಬೆರಳಿನ ಪ್ರಶ್ನೆ ಈ ಶತಮಾನದಲ್ಲಿ ಮತ್ತೆ ಎದ್ದಿತು, ಈ ಸಲ ಇಡೀ ದೇಶಕ್ಕೆ. ಆಧಾರ್ ನೋಂದಣಿ 2010ರಲ್ಲಿ ಆರಂಭವಾದಾಗ ಹತ್ತೂ ಬೆರಳಿನ ಅಚ್ಚು, ಎರಡೂ ಕಣ್ಣಿನ ಚಿತ್ರ ತೆಗೆದುಕೊಂಡರು. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. ಮರುವರ್ಷ ಸೆಪ್ಟೆಂಬರ್ 26ರಂದು ಐವರ ಪೀಠ ನಾಲ್ಕಕ್ಕೆ ಒಂದರಂತೆ ಆಧಾರನ್ನು ಉಳಿಸಿಕೊಂಡಿತು. ಸರ್ಕಾರಿ ಸವಲತ್ತಿಗೆ ಬಳಸಬಹುದು, ಖಾಸಗಿ ಕಂಪನಿಗಳು ಕಡ್ಡಾಯ ಮಾಡುವಂತಿಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಆಧಾರನ್ನೂ 1930ರ ದಫ್ತರವನ್ನೂ ಒಂದೇ ಎನ್ನುವುದು ಅವಸರದ ಮಾತಾದೀತು. ಒಂದು ಕೆಲಸದಿಂದ ಹೊರಹಾಕಲು ಬಯಸಿದ ಯಂತ್ರ, ಇನ್ನೊಂದು ಅಕ್ಕಿ, ಪಿಂಚಣಿ ತಲುಪಿಸುತ್ತೇನೆಂದು ಬಂದದ್ದು. ಎಷ್ಟೋ ಮನೆಗಳಿಗೆ ತಲುಪಿಸಿಯೂ ಇದೆ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಯಂತ್ರದ ಮೇಲೆ ಬೆರಳಿಟ್ಟು ‘ಹೊಂದಿಕೆಯಾಗುತ್ತಿಲ್ಲ’ ಎನಿಸಿಕೊಂಡು ಇನ್ನೊಂದು ದಿನ ಬರಬೇಕಾದವರು ಯಾರು ಎಂದು ನೋಡಿದರೆ ಹಳೆಯ ಮುಖಗಳೇ ಕಾಣುತ್ತವೆ. ಕಲ್ಲು ಒಡೆದು, ಇಟ್ಟಿಗೆ ಹೊತ್ತು, ಬಿಸಿನೀರಿನಲ್ಲಿ ರೇಷ್ಮೆಗೂಡು ಬಿಚ್ಚಿ ಬೆರಳಿನ ಗೆರೆ ಸವೆದವರು. ಒಂದು ಕಾಲದಲ್ಲಿ ಅಂಥವರ ಬೆರಳು ಅವರನ್ನು ಗುರುತಿಸಿಬಿಡುತ್ತದೆಂಬ ಭಯವಿತ್ತು. ಈಗ ಗುರುತಿಸದೆ ಹೋಗುತ್ತದೆಂಬ ಭಯ.

ಗಣಿಯ ಕಥೆ ಗೊತ್ತಿರುವುದೇ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಆ ದಿನವನ್ನು ಗಣಿಯ ಜನ ನೆನೆಯುತ್ತ ಬಂದಿದ್ದಾರೆ. ರಾಜ್ಯ ಸರ್ಕಾರ 1956ರಲ್ಲಿ ಗಣಿಯನ್ನು ವಹಿಸಿಕೊಂಡಿತು, ಕೇಂದ್ರಕ್ಕೆ 1962ರಲ್ಲಿ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರುವರಿ 28ರಂದು ಮುಚ್ಚಿತು. ಶಾಫ್ಟುಗಳಲ್ಲಿ ನೀರು ತುಂಬಿದೆ. ಮೇಲೆ ಉಳಿದದ್ದು ಸಯನೈಡ್ ಗುಡ್ಡಗಳು ಮತ್ತು ಲೈನಿನ ಮನೆಗಳು. ಇನ್ನೊಂದೂ ಉಳಿದಿದೆ. ಕೋಲಾರ ಒಂದೇ ಜಿಲ್ಲೆ, ಜಿಲ್ಲಾಧಿಕಾರಿ ಒಬ್ಬರೇ. ಆದರೆ ಪೊಲೀಸ್ ಲೆಕ್ಕದಲ್ಲಿ ಎರಡು ಜಿಲ್ಲೆ, ಇಬ್ಬರು ಎಸ್ಪಿ: ಕೋಲಾರಕ್ಕೊಬ್ಬರು, ಕೆ.ಜಿ.ಎಫ್‌ಗೊಬ್ಬರು. ಕಾಯಲು ಚಿನ್ನವಿಲ್ಲದೆ ಎರಡು ದಶಕ ದಾಟಿದರೂ ಆ ಎರಡನೆಯ ಕುರ್ಚಿ ಅಲ್ಲೇ ಇದೆ.